ಇಲ್ಲದ ಮಹಾದೇವಿಯ ಕೈಯ ರೊಟ್ಟಿ

ಈ ಕೆಲಸಕ್ಕೆ ಹೊಸದಾಗಿ ಸೇರುವ ಹೆಣ್ಣುಮಕ್ಕಳು ಆಗಾಗ ವಿಜಯಪುರದ ಜಲನಗರದ ನಮ್ಮ ಮನೆಗೆ ಬಂದು, "ಅಕ್ಕಾರ, ಒಂದೀಟು ಹೇಳಿಕೊಡ್ರಿ" ಅನ್ನುತ್ತಾರೆ. ಬಾಯಿಂದ ಹೇಳಿದ್ದು ಚಾ ಕುಡಿದು ಮುಗಿಯುವುದರೊಳಗೆ ಮರೆತುಹೋಗುತ್ತದೆ. ಬರೆದಿಟ್ಟರೆ ಓದದಿದ್ದರೂ ಮನೆಯಲ್ಲಿ ಬಿದ್ದಿರುತ್ತದೆ. ಅದಕ್ಕೇ ಈ ಕಾಗದ.

ಕೆಲಸ ಏನು ಅಂದರೆ ಇಷ್ಟೇ. ಸಣ್ಣ ಅಂಗಡಿಕಾರರು ಕ್ಯಾಶ್ ಬ್ಯಾಕ್ ಕ್ರೆಡಿಟ್ ಕಾರ್ಡಿಗೆ ಅರ್ಜಿ ಹಾಕುತ್ತಾರೆ. ಕಾರ್ಡ್ ಕೊಡುವ ಮೊದಲು, ಆ ಮನುಷ್ಯ ಖರೇ ಇದ್ದಾನೋ, ಅವನ ಅಂಗಡಿ ಖರೇ ನಡೆಯುತ್ತಿದೆಯೋ ಅಂತ ಬ್ಯಾಂಕಿನ ಪರವಾಗಿ ಒಂದು ಏಜೆನ್ಸಿಯವರು ಹೋಗಿ ನೋಡಿಬರಬೇಕು. ಅದಕ್ಕೆ ವೆರಿಫಿಕೇಶನ್ ಅಂತ ಹೆಸರು. ನಮ್ಮ ಯಜಮಾನ್ರು ಅದನ್ನು "ಚಾಡಿ ಇಲಾಖೆ" ಅನ್ನುತ್ತಿದ್ದರು.

ನಾನು ಇದಕ್ಕೆ ಓದಿ ಬಂದವಳಲ್ಲ, ಅರ್ಜಿ ಹಾಕಿ ಬಂದವಳೂ ಅಲ್ಲ. ಒಂದು ದಿನ ಏಜೆನ್ಸಿಯವನೊಬ್ಬ ನಮ್ಮ ಪಕ್ಕದ ಮನೆಯವರ ಬಗ್ಗೆ ವಿಚಾರಿಸಲು ನಮ್ಮ ಬಾಗಿಲಿಗೆ ಬಂದ. ನಾನು ಅವರು ಎಷ್ಟು ವರ್ಷದಿಂದ ಇದ್ದಾರೆ, ಗಾಡಿ ಯಾವಾಗ ತಗೊಂಡರು, ಬಾಡಿಗೆ ಯಾವ ತಾರೀಖಿಗೆ ಕೊಡುತ್ತಾರೆ, ಹಾಲಿನವನ ಜೋಡಿ ಯಾಕೆ ಜಗಳ ಆಯಿತು, ಎಲ್ಲಾ ಹೇಳಿದೆ. ಅವನು ಬರೆದುಕೊಳ್ಳುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ. "ಅಕ್ಕಾರ, ನೀವಽ ಈ ಕೆಲಸಕ್ಕ ಬರ್ರಲ್ಲ" ಅಂದ. ನಳದ ಹತ್ತಿರ ನಿಂತು ಇಷ್ಟು ವರ್ಷ ಪುಕ್ಕಟೆ ಮಾಡಿದ ಕೆಲಸಕ್ಕೆ ಪಗಾರ ಕೊಡುವವರು ಇದ್ದಾರೆ ಅಂತ ನನಗೆ ಅವತ್ತೇ ಗೊತ್ತಾದದ್ದು. ಭಗವಂತನ ದಯೆ ಯಾವ ಬಾಗಿಲಿಗೆ ಬರುತ್ತದೋ ಹೇಳಲಿಕ್ಕೆ ಬರುವುದಿಲ್ಲ.

ಪಗಾರ ಅಂದೆನಲ್ಲ, ಅದು ಮರ್ಯಾದೆಯ ಮಾತು. ಒಂದು ಮನೆಗೆ ಇಷ್ಟು ಅಂತ ಕೊಡುತ್ತಿದ್ದರು. ಟಿಕೋಟಾಕ್ಕೆ ಹೋಗಿ ಬಂದರೆ ಬಸ್ಸಿನ ಚಾರ್ಜು, ಒಂದು ಕಪ್ ಚಾ ಕಳೆದು, ದೇವರ ಮುಂದೆ ಊದಿನಕಡ್ಡಿ ಹಚ್ಚುವಷ್ಟು ಉಳಿಯುತ್ತಿತ್ತು. ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ ಅಂತ ಆದಮೇಲೆ ಊದಿನಕಡ್ಡಿಯ ಜೋಡಿ ಕರ್ಪೂರವೂ ಸೇರಿತು. ಬೆಳಿಗ್ಗೆ ಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು, ಕೊರಳಿಗೆ ಏಜೆನ್ಸಿಯ ಗುರುತಿನ ಚೀಟಿ ಹಾಕಿಕೊಂಡು ಹೊರಟರೆ ಓಣಿಯವರು, "ಏನ್ರಿ ಅಕ್ಕಾರ, ಇವತ್ತ ಯಾರ ಮನಿ ಎಣಸಾಕ ಹೊಂಟೀರಿ?" ಅನ್ನುತ್ತಿದ್ದರು.

ನಮ್ಮ ಸಾಹೇಬರು ಹುಬ್ಬಳ್ಳಿಯ ಆಫೀಸಿನಲ್ಲಿ ಕೂತವರು. ವಿಜಯಪುರದ ಬಿಸಿಲನ್ನು ಫೋಟೋದಲ್ಲಿ ಮಾತ್ರ ಕಂಡಿದ್ದರು. ಅವರ ಒಂದು ಸೂತ್ರ ಇತ್ತು: ಬೋರ್ಡ್ ಇಲ್ಲದ ಅಂಗಡಿ ಅಂಗಡಿಯೇ ಅಲ್ಲ. ಬಬಲೇಶ್ವರದಲ್ಲಿ ಅಜ್ಜನ ಕಾಲದಿಂದ ಹಗ್ಗ, ಬಾರುಕೋಲು ಮಾರುವವರಿದ್ದಾರೆ. ಸುತ್ತಲಿನ ಹಳ್ಳಿಯ ಎತ್ತುಗಳಿಗೂ ಅವರ ಅಂಗಡಿ ಗೊತ್ತು. ಬೋರ್ಡ್ ಇಲ್ಲ. ಕಾರ್ಡ್ ಕೊಡಬೇಡಿ ಅಂತ ರಿಪೋರ್ಟ್ ನೆಗೆಟಿವ್. ಇಟ್ಟಂಗಿಹಾಳದ ಹತ್ತಿರ ಒಬ್ಬ ಹೊಚ್ಚ ಹೊಸ ಫ್ಲೆಕ್ಸ್ ಬೋರ್ಡ್ ಕಟ್ಟಿದ್ದ. ಮೇಲೆ ಅವನ ಫೋಟೋ, ಕೆಳಗೆ "ಟ್ರೇಡರ್ಸ್" ಅಂತ ದೊಡ್ಡ ಅಕ್ಷರ. ಒಳಗೆ ಎಮ್ಮೆ ಕಟ್ಟಿತ್ತು.

"ಸಾಹೇಬ್ರ, ಒಳಗ ಎಮ್ಮಿ ಐತ್ರಿ" ಅಂತ ಫೋನ್ ಮಾಡಿ ಹೇಳಿದೆ.

"ಮೇಡಂ, ಬೋರ್ಡ್ ಫೋಟೋದಾಗ ಬಂದೈತೋ ಇಲ್ಲೋ?"

"ಬಂದೈತ್ರಿ."

"ಎಮ್ಮಿ?"

"ಬಂದಿಲ್ರಿ."

"ಮತ್ತ್ಯಾಕ ಎಮ್ಮಿ ಸುದ್ದಿ? ಪಾಸಿಟಿವ್ ಹಾಕ್ರಿ."

ಆ ಎಮ್ಮೆಗೆ ಕಾರ್ಡ್ ಬಂತೋ ಇಲ್ಲವೋ ತಿಳಿಯದು. ಬಂದಿದ್ದರೆ ಹಿಂಡಿಯ ಮೇಲೆ ಕ್ಯಾಶ್ ಬ್ಯಾಕ್ ಸಿಕ್ಕಿರುತ್ತದೆ.

ಪಾಸಿಟಿವ್, ನೆಗೆಟಿವ್ ಅನ್ನುವ ಈ ಎರಡು ಶಬ್ದಗಳಿಂದ ಕೊರೊನಾ ಕಾಲದಲ್ಲಿ ದೊಡ್ಡ ಘೋಟಾಳೆ ಆಯಿತು. ಬಬಲೇಶ್ವರದಲ್ಲಿ ಸಂಗಪ್ಪ ಅಂತ ಪಾತ್ರೆ-ಭಾಂಡೆ ಅಂಗಡಿಯವರು. ನಾನು ಹೋದ ಎರಡೂ ಸಲ ಅಂಗಡಿ ಮುಚ್ಚಿತ್ತು. ಮುಚ್ಚಲಿಕ್ಕೆ ಸರಕಾರವೇ ಹೇಳಿತ್ತು, ಆದರೆ ನಮ್ಮ ಫಾರಮಿನಲ್ಲಿ ಅದಕ್ಕೆ ಜಾಗ ಇರಲಿಲ್ಲ. ಮುಚ್ಚಿದೆ ಅಂದರೆ ನೆಗೆಟಿವ್. ಅವರು ಫೋನ್ ಮಾಡಿ, "ಅಕ್ಕಾರ, ನಮ್ಮ ರಿಪೋರ್ಟ್ ಏನ ಬಂತ್ರಿ?" ಅಂದರು. ಹೇಳಬಾರದು ಅಂತ ನಿಯಮ. ಸುಳ್ಳು ಹೇಳಬಾರದು ಅಂತ ನನ್ನ ನಿಯಮ. "ನೆಗೆಟಿವ್ ಬಂದೈತ್ರಿ" ಅಂದೆ, ಸಣ್ಣ ದನಿಯಲ್ಲಿ.

"ನೆಗೆಟಿವ್! ಯಪ್ಪಾ ಸಿದ್ಧರಾಮಾ, ಕಾಪಾಡಿದಿ! ಏ ಇಕಿನ, ಎಲ್ಲಾರದೂ ನೆಗೆಟಿವ್ ಅಂತ, ಸಕ್ಕರಿ ತಾ!"

ಫೋನಿನ ಆಚೆ ಅವರ ಮನೆಯವರು ಅಳುವುದು, ನಗುವುದು ಎರಡೂ ಕೇಳಿಸಿತು. ಮನೆಮಂದಿಯೆಲ್ಲ ಕೊರೊನಾ ಟೆಸ್ಟ್ ಮಾಡಿಸಿ ಕಾಯುತ್ತಿದ್ದರಂತೆ, ಮನೆಮನೆ ಬರೆದುಕೊಂಡು ಹೋಗುವವಳಿಗೆ ಆ ರಿಪೋರ್ಟೂ ಗೊತ್ತಿರುತ್ತದೆ ಅಂತ ತಿಳಿದಿದ್ದರು. ನಾನು ಹೇಗೆ ತಿದ್ದಲಿ? ಫೋನ್ ಇಟ್ಟೆ. ಎರಡು ತಿಂಗಳ ಮೇಲೆ ಅವರೇ ಮತ್ತೆ ಕೇಳಿದರು, "ಎಲ್ಲಾ ನೆಗೆಟಿವ್ ಇದ್ರೂ ಕಾರ್ಡ್ ಯಾಕ ಬರವಲ್ದ್ರಿ?" ಆ ಕಾಲದಲ್ಲಿ ಒಂದು ಮನೆಯಾದರೂ ನನ್ನ ಫೋನಿನಿಂದ ಸಕ್ಕರೆ ತಿಂದಿತಲ್ಲ ಅಂತ ನಾನು ಅದನ್ನೂ ದೇವರ ದಯೆಯಲ್ಲಿ ಸೇರಿಸಿಕೊಂಡಿದ್ದೇನೆ.

ಇನ್ನು ಆ ಕಾರ್ಡಿನ ಗುಣ. ನಾವು ಅಭಿಪ್ರಾಯ ಹೇಳಬಾರದು ಅಂತ ಸಾಹೇಬರ ಕಟ್ಟಪ್ಪಣೆ. ಆದರೆ ಕಾರ್ಡ್ ಮಾರಿಹೋದ ಏಜೆಂಟ ಮತ್ತೆ ಮುಖ ತೋರಿಸುವುದಿಲ್ಲ, ಆಮೇಲೆ ಹೋಗುವವಳು ನಾನು. ಹಣೆಗೆ ವಿಭೂತಿ ಬೇರೆ. "ಅಕ್ಕಾರ, ತಗೊಳ್ಳೂದೋ ಬ್ಯಾಡೋ, ಖರೇ ಹೇಳ್ರಿ" ಅನ್ನುತ್ತಿದ್ದರು. ಏಜೆಂಟರು ಕ್ಯಾಶ್ ಬ್ಯಾಕ್ ಅಂದರೆ ಕೊಸರು ಇದ್ದಂಗ ಅಂತ ಹೇಳಿಕೊಟ್ಟಿರುತ್ತಿದ್ದರು. ತೂಕ ಆದಮೇಲೆ ಕಾಯಿಪಲ್ಲೆಯವಳು ಮೇಲೊಂದು ಬದನೆಕಾಯಿ ಹಾಕುತ್ತಾಳಲ್ಲ, ಹಾಗೆ. ಇದನ್ನು ಬಬಲೇಶ್ವರದ ಸಂತೆಯಲ್ಲಿ ಕಾಯಿಪಲ್ಲೆ ಮಾರುವ ಒಬ್ಬಾಕೆಗೆ ಹೇಳಿದ್ದಕ್ಕೆ ಆಕೆ ನಕ್ಕು, "ಎವ್ವಾ, ಕೊಸರ ಹಾಕಾಕಿ ನಾನಽ ಅದೇನಿ. ತಕ್ಕಡಿ ಹೆಂಗ ಹಿಡದು ಹಾಕತಾರ ಅನ್ನೂದು ನನಗ ಹೇಳಬ್ಯಾಡ" ಅಂದಳು. ಆ ಮಾತಿನ ಮುಂದೆ ಏಜೆಂಟರು ಹಂಚುವ ಬ್ಯಾಂಕಿನ ಬಣ್ಣದ ಪುಸ್ತಕ ಏನೂ ಅಲ್ಲ.

ಸಿದ್ಧೇಶ್ವರ ಗುಡಿಯ ಹತ್ತಿರ ನೋಟ್‌ಬುಕ್ಕು, ಪೆನ್ನು ಮಾರುವ ಒಬ್ಬರ ಅಂಗಡಿಯಲ್ಲಿ ಕೂತು ನಾನೇ ಲೆಕ್ಕ ಹಾಕಿಕೊಟ್ಟೆ. ತಿಂಗಳಿಗೆ ಇಪ್ಪತ್ತು ಸಾವಿರದ ಮಾಲು ಕಾರ್ಡಿನ ಮೇಲೆ ತಂದರೆ ನೂರಕ್ಕೆ ಒಂದರಂತೆ ಇನ್ನೂರು ವಾಪಸ್. ಆದರೆ ಮಾಲು ಕೊಡುವ ಸಗಟು ವ್ಯಾಪಾರಿ, ಕಾರ್ಡ್ ತಿಕ್ಕಿದರೆ ನೂರಕ್ಕೆ ಎರಡು ಹೆಚ್ಚಿಗೆ ಕೊಡಿ ಅನ್ನುತ್ತಾನೆ. ಅಂದರೆ ತಲಬಾಗಿಲಿನಿಂದ ಇನ್ನೂರು ಬಂತು, ಹಿತ್ತಲ ಬಾಗಿಲಿನಿಂದ ನಾಲ್ಕುನೂರು ಹೋಯಿತು. ಮೇಲೆ ವರ್ಷದ ಫೀ, ಫೀ ಮೇಲೆ ತೆರಿಗೆ. ಬಿಲ್ಲು ಕಟ್ಟುವುದು ಒಂದು ದಿನ ತಡವಾದರೆ ಬಡ್ಡಿ ಬಂದು ವರ್ಷದ ಕ್ಯಾಶ್ ಬ್ಯಾಕ್ ಎಲ್ಲಾ ನುಂಗಿ ನೀರು ಕುಡಿಯುತ್ತದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಹಂಗಾರ ಇದು ಯಾರಿಗಿ ಚಲೋ ಅಕ್ಕಾರ?" ಅಂದರು. ಹೆಚ್ಚಿಗೆ ಹಣ ಕೇಳದ ಕಡೆ ಮಾಲು ಸಿಗುವವರಿಗೆ, ಬಿಲ್ಲನ್ನು ಸಮಯಕ್ಕೆ ಪೂರಾ ಕಟ್ಟುವವರಿಗೆ ಚಲೋ. ಅವರಿಗೆ ಲಾಭ ಕ್ಯಾಶ್ ಬ್ಯಾಕ್ ಅಲ್ಲ. ಇವತ್ತು ತಂದ ಮಾಲಿಗೆ ಸುಮಾರು ಐವತ್ತು ದಿನ ಬಡ್ಡಿಯಿಲ್ಲದ ಪುರಸೊತ್ತು ಸಿಗುತ್ತದಲ್ಲ, ಅದು. ಇದೊಂದನ್ನು ಬಣ್ಣದ ಪುಸ್ತಕದಲ್ಲಿ ಎಲ್ಲಕ್ಕಿಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಉಪಯೋಗ ಇದ್ದದ್ದನ್ನು ದೊಡ್ಡದಾಗಿ ಬರೆಯುವ ಪದ್ಧತಿ ಅವರಲ್ಲಿ ಇಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇಷ್ಟು ಹೊತ್ತು ಬೇರೆಯವರ ತಪ್ಪು ಹೇಳಿದ್ದು ಅದನ್ನು ಮುಂದೂಡಲಿಕ್ಕೆ ಅಂತ ನಿಮಗೆ ಅನ್ನಿಸಿದ್ದರೆ, ಖರೇ ಅದ.

ಕೊನೆಯ ವರ್ಷ. ಆಗ ಕಾಗದದ ಫಾರಮು ಹೋಗಿ ಮೊಬೈಲಿನಲ್ಲಿ ಆ್ಯಪ್ ಬಂದಿತ್ತು. ಆ್ಯಪಿಗೆ ಬಹಳ ಅವಸರ. ಬಾಗಿಲ ಮುಂದೆ ನಿಂತು ಒತ್ತಿದರೆ ಅರ್ಧ ಗಂಟೆಯೊಳಗೆ ಮುಗಿಸಬೇಕು, ಇಲ್ಲಾಂದರೆ ಕೆಂಪಾಗುತ್ತದೆ. ಟಿಕೋಟಾದಿಂದ ಒಂದು ಅರ್ಜಿ: ಹೆಸರು ಮಹಾದೇವಿ, ಉದ್ಯೋಗ ರೊಟ್ಟಿ ಕೇಂದ್ರ. ವಿಳಾಸದಲ್ಲಿ ಓಣಿಯ ಹೆಸರು ಬಿಟ್ಟರೆ ಏನೂ ಇಲ್ಲ. ಫೋನ್ ಹೊಡೆಯುತ್ತದೆ, ಎತ್ತುವವರಿಲ್ಲ. ಓಣಿಯಲ್ಲಿ ಒಂದು ಕಟ್ಟೆಯ ಮೇಲೆ ವಯಸ್ಸಾದ ಹೆಣ್ಣುಮಗಳೊಬ್ಬಳು ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು.

"ಯವ್ವಾ, ಇಲ್ಲಿ ಮಹಾದೇವಿ ಅನ್ನೋರ ಮನಿ ಯಾವುದ್ರಿ?"

"ಮಹಾದೇವಿ?" ಮೊರ ಜಾಡಿಸುವುದನ್ನು ನಿಲ್ಲಿಸಿ ವಿಚಾರ ಮಾಡಿದಳು. "ಆ ಹೆಸರಿನಾಕಿ ಈ ಓಣ್ಯಾಗ ಯಾರೂ ಇಲ್ಲ ತಂಗಿ."

ನಿಯಮದ ಪ್ರಕಾರ ಇಬ್ಬರನ್ನು ಕೇಳಬೇಕು. ಎದುರಿನ ಪಾನ್ ಅಂಗಡಿಯವನನ್ನು ಕೇಳಿದೆ. ಅವನೂ ತಲೆ ಅಲ್ಲಾಡಿಸಿದ. ಮುದುಕಿಯ ಹಿಂದಿನ ಗೋಡೆಯ ಆಚೆಯಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ನನ್ನ ಕಿವಿಗೂ ಕೇಳಿತು, ಮೂಗಿಗೂ ಬಂತು. ತಲೆಗೆ ಮಾತ್ರ ಹೋಗಲಿಲ್ಲ. ಆ್ಯಪ್ ಕೆಂಪಾಗುವ ಹೊತ್ತು. "ವ್ಯಕ್ತಿ ಇಲ್ಲ" ಅಂತ ಒತ್ತಿಬಿಟ್ಟೆ.

ಒತ್ತಿ ಮುಗಿದಮೇಲೆ ಸಾವಕಾಶ ಆಯಿತಲ್ಲ, ಆ ಮನೆಯ ಒಳಗೆ ಹೋಗಿ ಇಪ್ಪತ್ತು ಖಡಕ್ ರೊಟ್ಟಿ ಕಟ್ಟಿಸಿಕೊಂಡೆ. ಒಳಗೆ ಆರೇಳು ಹೆಣ್ಣುಮಕ್ಕಳು ಕೆಲಸದಲ್ಲಿದ್ದರು. ಕೈಯೆಲ್ಲಾ ಹಿಟ್ಟು ಮಾಡಿಕೊಂಡವಳೊಬ್ಬಳು ಎದ್ದುಬಂದು, ಮುರಿಯದಂಥವನ್ನೇ ಆರಿಸಿ, ಮೇಲೆ ನಂಚಿಕೊಳ್ಳಲಿಕ್ಕೆ ಶೇಂಗಾ ಹಿಂಡಿಯ ಸಣ್ಣ ಪೊಟ್ಟಣವನ್ನೂ ಇಟ್ಟುಕೊಟ್ಟಳು. ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಅವತ್ತಿನ ದಯೆ ಎರಡು ಅಂತ ಎಣಿಸಿಕೊಂಡು ಬಂದೆ.

ಎಂಟು ದಿನದ ಮೇಲೆ ಫೋನ್.

"ಅಕ್ಕಾರ, ಟಿಕೋಟಾದಿಂದ ಮಹಾದೇವಿ ಮಾತಾಡಾಕತ್ತೇನ್ರಿ. ಕಾರ್ಡಿನ ಏಜೆಂಟ ನಿಮ್ಮ ನಂಬರ ಕೊಟ್ಟಾನ. ನಾ ಇಲ್ಲಂತ ಬರದೀರಂತಲ್ರಿ?"

"ಇಲ್ಲವಾ, ಆ ಹೆಸರಿನವರು..."

"ನಾ ಇಲ್ಲೇ ಅದೇನ್ರಿ. ಕೊರಳಾಗ ಚೀಟಿ ಹಾಕ್ಕೊಂಡು ಬಂದು ಇಪ್ಪತ್ತು ರೊಟ್ಟಿ ಒಯ್ದಾಕಿ ನೀವಽ ಹೌದಲ್ರಿ? ಕೊಟ್ಟಾಕಿ ನಾನ. ರೊಟ್ಟಿ ಚಲೋ ಇದ್ದುವೇನ್ರಿ?"

ಬೈದಿದ್ದರೆ ಚಲೋ ಇತ್ತು. ರೊಟ್ಟಿ ಚಲೋ ಇದ್ದುವೇನು ಅಂತ ಕೇಳಿದಳು.

ವಿಷಯ ಏನೆಂದರೆ, ಆಕೆ ತವರಿನಲ್ಲಿ ಮಹಾದೇವಿ. ಆಧಾರ್ ಕಾರ್ಡಿನಲ್ಲೂ ಸಾಲಿ ಸರ್ಟಿಫಿಕೇಟಿನಲ್ಲೂ ಅದೇ. ಮದುವೆಯಾಗಿ ಬಂದಾಗ ಅತ್ತೆಯ ಮನೆಯವರು ಪದ್ಧತಿ ಪ್ರಕಾರ ಹೊಸ ಹೆಸರು ಇಟ್ಟರು, ಕಸ್ತೂರಿ. ಓಣಿಗೆಲ್ಲ ಆಕೆ ರೊಟ್ಟಿ ಕಸ್ತೂರಿ. ನಾನು ಕೇಳಿದ ಆ ಮುದುಕಿ ಆಕೆಯ ಅತ್ತೆ. ಸುಳ್ಳು ಹೇಳಿರಲಿಲ್ಲ. ಇಪ್ಪತ್ತು ವರ್ಷದ ಹಿಂದೆ ತಾನೇ ಬದಲಿಸಿದ ಹೆಸರನ್ನು ನೆನಪಿಟ್ಟುಕೊಳ್ಳುವ ಕಾರಣ ಆಕೆಗೆ ಬಂದಿರಲಿಲ್ಲ.

ಇದು ನನಗೆ ಹೊಳೆಯಲಿಲ್ಲ, ನೋಡಿರಿ. ನನಗೆ! ನಾನೂ ತವರಿನಲ್ಲಿ ಶಾರದಾ, ಇಲ್ಲಿ ಗಿರಿಜಾ. ಪಡಿತರ ಚೀಟಿಯಲ್ಲಿ ಒಂದು, ಬ್ಯಾಂಕಿನಲ್ಲಿ ಒಂದು ಇಟ್ಟುಕೊಂಡು ನಾನೇ ನಾಲ್ಕು ಆಫೀಸು ಅಲೆದವಳು. ನಮ್ಮ ಕಡೆಯ ಹೆಂಗಸಿನ ಬಾಗಿಲಿಗೆ ಹೋದರೆ ಮೊದಲು "ಮದುವಿ ಹೆಸರೇನು" ಅಂತ ಕೇಳಬೇಕು ಅಂತ ಯಾವ ಆ್ಯಪೂ ಹೇಳಿಕೊಡಬೇಕಾಗಿರಲಿಲ್ಲ.

ತಪ್ಪು ನನ್ನದು, ಪೆಟ್ಟು ಆಕೆಗೆ. ಮರುದಿನ ಟಿಕೋಟಾಕ್ಕೆ ಹೋದಾಗ ತಿಳಿಯಿತು. ಆ ರೊಟ್ಟಿ ಕೇಂದ್ರ ಆಕೆಯೇ ಕಟ್ಟಿದ್ದು. ವಿಜಯಪುರದ ಒಂದು ಹಾಸ್ಟೆಲಿನಿಂದ ದೊಡ್ಡ ಆರ್ಡರು ಬಂದಿತ್ತು. ಅದಕ್ಕೆ ತಿಂಗಳ ಕೊನೆಯೊಳಗೆ ತಿನ್ನುವ ಸಾಮಾನು ಮಾರುವ ಲೈಸೆನ್ಸು ಮಾಡಿಸಬೇಕಿತ್ತು. ಆಕೆಯ ಮೈದುನ ಹೇಳಿದ್ದನಂತೆ, "ವೈನಿ, ನಿಮ್ಮ ಹೆಸರಿಗೆ ಒಂದು ಕಾರ್ಡಽ ಬರವಲ್ದು, ಬ್ಯಾಂಕಿನವರಽ ನೀವು ಇಲ್ಲಂತ ಬರದಾರ. ಲೈಸೆನ್ಸು, ಕಾರ್ಡು, ಆರ್ಡರು ಎಲ್ಲಾ ನನ್ನ ಹೆಸರಿಗೆ ಮಾಡಸೂಣು. ರೊಟ್ಟಿ ನೀವಽ ಬಡಿರಿ, ಅದಕ್ಕೇನಂತ." ಎಷ್ಟು ದೊಡ್ಡ ಮನಸ್ಸು! ಬಡಿಯುವುದನ್ನು ಆಕೆಗೇ ಬಿಟ್ಟುಕೊಟ್ಟಿದ್ದ.

ನಾನು ನನ್ನ ಜಾಣತನ ತೋರಿಸಲಿಕ್ಕೆ ಹೋದೆ. "ತಂಗಿ, ಆ ಕಾರ್ಡಿನ್ಯಾಗ ಅಂಥಾದ್ದೇನೂ ಇಲ್ಲ. ಕ್ಯಾಶ್ ಬ್ಯಾಕ್ ಅಂದ್ರ..." ಅಂತ ಲೆಕ್ಕ ಸುರುಮಾಡಿದೆ.

"ಆ ಲೆಕ್ಕ ನಾ ಹಾಕೇನ್ರಿ ಅಕ್ಕಾರ. ಜ್ವಾಳದಾಂವ ಕಾರ್ಡ್ ತಗೊಳ್ಳೂದಿಲ್ಲ. ರೊಟ್ಟಿ ಕಟ್ಟೂ ಕವರಿನಾಂವ ತಗೋತಾನ, ಮ್ಯಾಲ ಏನೂ ಕೇಳೂದಿಲ್ಲ. ಹಾಸ್ಟೆಲಿನವರು ತಿಂಗಳಾದಮ್ಯಾಲ ರೊಕ್ಕ ಕೊಡ್ತಾರ, ಕಾರ್ಡಿನಾಂವ ಅಲ್ಲೀತನಕ ತಡೀತಾನ. ಅಷ್ಟಽ ಸಾಕು. ವಾಪಸ್ ಬರೂ ನಾಕ ರೂಪಾಯಿ ಇವರಿಗೆ ಚಾ ಆತು." ಸುತ್ತಲಿನ ಹೆಣ್ಣುಮಕ್ಕಳು ನಕ್ಕರು. ಆಕೆ ನಗಲಿಲ್ಲ. "ಆದ್ರ ಆ ಕಾರ್ಡಿನ ಮ್ಯಾಲ ಹೆಸರ ಅಚ್ಚ ಒತ್ತಿ ಬರ್ತೈತಂತ. ಆಧಾರ್ ಬಿಟ್ರ ನನ್ನ ಹೆಸರು ಅಚ್ಚಾಗಿದ್ದು ಲಗ್ನಪತ್ರಿಕೆಯಾಗ ಕಡೀದು."

ನಾನು ಹದಿನೈದು ವರ್ಷ ಈ ಕಾರ್ಡುಗಳ ಗುಣದೋಷ ಎಣಿಸಿದವಳು. ಈ ಗುಣ ನನ್ನ ಪಟ್ಟಿಯಲ್ಲಿ ಇರಲಿಲ್ಲ.

ಸಾಹೇಬರಿಗೆ ಫೋನ್ ಮಾಡಿದೆ. "ಮೇಡಂ, ಒಮ್ಮೆ ನೆಗೆಟಿವ್ ಆತಂದ್ರ ಆತು. ಬದಲ ಮಾಡಬೇಕಂದ್ರ, ಮನಿ ಒಳಗ ಹೋಗದಽ ಬರದೆ, ತಪ್ಪು ನಂದು ಅಂತ ಬರದು ಕೊಡ್ರಿ. ಬರದು ಕೊಟ್ರ ನಿಮ್ಮ ಐಡಿ ಬಂದ್ ಆಗ್ತೈತಿ. ವಿಚಾರ ಮಾಡ್ರಿ. ಒಂದು ರೊಟ್ಟಿ ಅಂಗಡಿ ಸಲುವಾಗಿ..."

ಮಧ್ಯಾಹ್ನ ಸಿದ್ಧೇಶ್ವರ ಗುಡಿಗೆ ಹೋಗಿ ಕೂತೆ. ಯಪ್ಪಾ, ಏನು ಮಾಡಲಿ ಅಂತ ಕೇಳಿದೆ. ಉತ್ತರ ನಮಗೇ ಗೊತ್ತಿದ್ದಾಗ ಅವನು ಬಾಯಿ ಖರ್ಚು ಮಾಡುವುದಿಲ್ಲ. ಅಲ್ಲೇ ಹೊರಗಿನ ಅಂಗಡಿಯಲ್ಲಿ ಒಂದು ಬಿಳಿ ಹಾಳೆ ತಗೊಂಡು ಕನ್ನಡದಲ್ಲಿ ಬರೆದೆ: ಒಳಗೆ ಹೋಗದೆ ಇಲ್ಲ ಅಂತ ಬರೆದೆ, ಆಮೇಲೆ ಒಳಗೆ ಹೋಗಿ ಆಕೆಯ ಕೈಯಿಂದಲೇ ರೊಟ್ಟಿ ತಗೊಂಡೆ. ಅದರ ಫೋಟೋ ಕಳಿಸಿದೆ. ಸಾಹೇಬರು ಕೊನೆಯ ಮಾತು ಬೇಕಾಗಿರಲಿಲ್ಲ ಅಂದರು.

ನನ್ನ ನಿವೃತ್ತಿ ಹೀಗಾಯಿತು. ಶಾಲು ಇಲ್ಲ, ಹಾರ ಇಲ್ಲ, ಭಾಷಣ ಇಲ್ಲ. ಒಂದು ಮುಂಜಾನೆ ಆ್ಯಪ್ ತೆರೆದರೆ ಪಾಸ್‌ವರ್ಡ್ ತಪ್ಪು ಅಂತು. ಭಾಷಣ ಕೇಳುವುದು ತಪ್ಪಿತು ಅನ್ನುವುದು ಸಣ್ಣ ದಯೆಯಲ್ಲ.

ಕಾರ್ಡ್ ಬಂತೋ ಇಲ್ಲವೋ ಅಂತ ನಿಮ್ಮನ್ನು ಕಾಯಿಸುವುದಿಲ್ಲ. ಬಂತು. ಲೈಸೆನ್ಸೂ ಆಕೆಯ ಹೆಸರಿನಲ್ಲೇ ಆಯಿತು. ಮೈದುನ ಈಗ ರೊಟ್ಟಿಯ ಪೆಟ್ಟಿಗೆಗಳನ್ನು ವಿಜಯಪುರಕ್ಕೆ ಒಯ್ಯುತ್ತಾನೆ, ಬಾಡಿಗೆ ತಗೊಂಡು. ಆದರೆ ಅದಕ್ಕೂ ಮುಂಚೆ ಎರಡನೆಯ ಸಲ ನೋಡಲಿಕ್ಕೆ ಏಜೆನ್ಸಿಯಿಂದ ಸವಿತಾ ಹೋದಳು. ನಾನೇ ಕೆಲಸ ಕಲಿಸಿದ ಹುಡುಗಿ. ಅಲ್ಲಿಂದಲೇ ನನಗೆ ಫೋನ್ ಹಚ್ಚಿದಳು.

"ಅಕ್ಕಾರ, ಗುರುತು ಹೇಳಿದಾವ್ರು ಯಾರು ಅಂತ ಆ್ಯಪ್ ಕೇಳತೈತಿ. ನೆರೆಮನಿಯವರು, ಅಂಗಡಿಯವರು, ವಾಚ್‌ಮನ್ ಅಂತ ಐತಿ. ಇಲ್ಲಿ ಇವರ ಅತ್ತಿ ಹೇಳಾಕತ್ತಾರ. ಅತ್ತಿ ನಡೀತದೇನ್ರಿ?"

"ಅತ್ತಿ ಸೊಸಿ ಪರವಾಗಿ ಸಾಕ್ಷಿ ಹೇಳಾಕ ನಿಂತಾಳಂದ್ರ ಅದಕ್ಕಿಂತ ದೊಡ್ಡ ಸಾಕ್ಷಿ ಯಾವುದೈತಿ? ನೆರೆಮನಿ ಅಂತ ಒತ್ತು. ಅತ್ತಿ ಅಂದ್ರ ನೆರೆಮನಿನಽ."

ಹಿಂದಿನಿಂದ ಮುದುಕಿಯ ದನಿ ಬಂತು. "ಏನಂತ ಆಕಿ? ನಾ ಹೇಳತೇನಿ, ಬರ್ಕೋ ತಂಗಿ. ಕಸ್ತೂರಿ ಅಂತ ಹೆಸರಿಟ್ಟಾಕಿ ನಾನಽ. ಇಟ್ಟಾಕಿನ ಹೇಳಾಕತ್ತೇನಿ, ಆಕಿ ಮಹಾದೇವಿ. ಈ ಸಾಮಾನು ಸರಂಜಾಮು ಎಲ್ಲಾ ಆಕಿದು. ಅವತ್ತ ನನ್ನ ಬಾಯಿಂದ ಇಲ್ಲಂತ ಬಂತು, ಇವತ್ತ ಅದಾಳಂತ ಬರ್ತೈತಿ. ಮುಗೀತಲ್ಲ?"

"ಇಲ್ರಿ ಅಮ್ಮಾ, ಸಾಕ್ಷಿಯವರ ಹೆಸರೂ ಹಾಕಬೇಕು. ನಿಮ್ಮ ಹೆಸರೇನ್ರಿ?"

ಮೊರ ಕೆಳಗಿಟ್ಟ ಸಪ್ಪಳ ಫೋನಿನಲ್ಲಿ ಕೇಳಿಸಿತು.

"ನೀಲವ್ವ" ಅಂದಳು ಮುದುಕಿ.

"ಅತ್ತಿ, ನಿಮ್ಮ ಹೆಸರು ಗೌರವ್ವ ಅಲ್ಲೇನ್ರಿ?" ಅಂತು ಸೊಸೆಯ ದನಿ.

"ಅದು ಇಲ್ಲೀದು. ನೀ ಬರ್ಕೋ ತಂಗಿ. ನೀಲವ್ವ."